ಅಡುಗೆಮನೆಯಿಂದ ಪೇಟೆಂಟ್ ಕಚೇರಿಗೆ: ತಡವಾಗಿ ಕಲಿತ ಪಾಠಗಳು

ಸಣ್ಣ ಊರುಗಳ ಜನ ತಾವೇ ಯೋಚಿಸಿ ಮಾಡಿದ ಸಾಮಾನುಗಳಿಗೆ ಪೇಟೆಂಟ್ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಹಪ್ಪಳ ಒಣಗಿಸುವ ಪೆಟ್ಟಿಗೆ, ಹಾಲಿನ ಕಲಬೆರಕೆ ಪತ್ತೆ ಮಾಡುವ ಕಿಟ್, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಲು ನೆರವಾಗುವ ಪಟ್ಟಿ, ಇಂಥವು. ಔಷಧ ಕಂಪನಿಗಳ ದಪ್ಪ ಕಡತಗಳು ನನ್ನ ಮೇಜಿಗೆ ಬರುವುದಿಲ್ಲ. ಬರುವವರು ಸಾಮಾನನ್ನು ಚೀಲಕ್ಕೆ ಹಾಕಿಕೊಂಡು, ಜೊತೆಗೆ ಮಗನನ್ನೋ ಅಳಿಯನನ್ನೋ ಕರೆದುಕೊಂಡು ಬರುತ್ತಾರೆ. ಅವರ ಕೈಯಲ್ಲಿ ಹಣ ಕಡಿಮೆ, ನನ್ನ ಮೇಲೆ ನಂಬಿಕೆ ಹೆಚ್ಚು. ಹಾಗಾಗಿ ನಾನು ಎಡವಿದಾಗಲೆಲ್ಲ ಪೆಟ್ಟು ಬಿದ್ದದ್ದು ಅವರಿಗೆ. ಏನಾದರೂ ಹೊಸತು ಮಾಡಿದವರಿಗೂ, ಈ ಕಸುಬಿಗೆ ಈಗ ಕಾಲಿಡುತ್ತಿರುವವರಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

1. ಮೊದಲ ಪ್ರಶ್ನೆ: "ಇದನ್ನು ಯಾರಿಗೆಲ್ಲ ತೋರಿಸಿದ್ದೀರಿ?"

ಮಲೆನಾಡಿನವರೊಬ್ಬರು ಮೇಣ ಕೈಗೆ ಮೆತ್ತದಂತೆ ಹಲಸಿನ ತೊಳೆ ಬಿಡಿಸುವ ಉಪಕರಣ ತಂದಿದ್ದರು. ಅದರ ಬ್ಲೇಡಿನ ಬಾಗು, ಹಿಡಿಯ ಕೋನ ನೋಡುತ್ತಾ ನಾನು ಮೈಮರೆತೆ. ಪುಟಗಟ್ಟಲೆ ವಿವರಣೆ ಬರೆದೆ. ಅರ್ಜಿ ಸಲ್ಲಿಸುವ ಹೊತ್ತಿಗೆ ಅವರು ಹೆಮ್ಮೆಯಿಂದ ಒಂದು ಪತ್ರಿಕಾ ತುಣುಕು ತೆಗೆದು ಮೇಜಿನ ಮೇಲಿಟ್ಟರು. ಕೃಷಿ ಮೇಳದಲ್ಲಿ ಅವರು ಇದನ್ನು ಜನರ ಮುಂದೆ ನಡೆಸಿ ತೋರಿಸಿದ್ದರು. ಹೇಗೆ ಕೆಲಸ ಮಾಡುತ್ತದೆಂದು ವರದಿಗಾರ ಬಿಡಿಸಿ ಬರೆದಿದ್ದ.

ಅರ್ಜಿಗೆ ಮೊದಲೇ ಜನರಿಗೆ ತಿಳಿದದ್ದು ನಮ್ಮ ಕಾನೂನಿನ ಲೆಕ್ಕದಲ್ಲಿ ಹೊಸದಲ್ಲ. ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ, ಆದರೆ ಅದರ ಬಾಗಿಲು ಕಿರಿದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನದಲ್ಲಿ ತೋರಿಸಿ 12 ತಿಂಗಳೊಳಗೆ ಅರ್ಜಿ ಹಾಕಿದರೆ ಮಾತ್ರ ಅದು ಸಿಗುತ್ತದೆ. ಇವರ ಮೇಳ ಆ ಪಟ್ಟಿಯಲ್ಲಿರಲಿಲ್ಲ. ಮೇಳದ ನಂತರ ಬ್ಲೇಡಿಗೆ ಮಾಡಿದ ಒಂದು ಸುಧಾರಣೆಗಷ್ಟೇ ಅರ್ಜಿ ಹಾಕಲು ಸಾಧ್ಯವಾಯಿತು. ಮೊದಲ ದಿನವೇ ಆ ಪ್ರಶ್ನೆ ಕೇಳಿದ್ದರೆ ಅವರ ಓಡಾಟವೂ ಖರ್ಚೂ ಉಳಿಯುತ್ತಿತ್ತು.

ಮೇಳಕ್ಕೆ ಹೋಗಲೇಬೇಕಾದ ತುರ್ತಿದ್ದರೆ ಅದಕ್ಕೆ ಮುಂಚೆ ತಾತ್ಕಾಲಿಕ ಅರ್ಜಿ ಹಾಕಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಟ್ಟರಾಯಿತು.

2. ಹಳೆಯದನ್ನು ಓದದೆ ಹೊಸದು ಯಾವುದೆಂದು ತಿಳಿಯದು

ಬೇಳೆ ಬೇಯುವಾಗ ಕುಕ್ಕರಿನ ವಿಷಲ್‌ನಿಂದ ನೊರೆ ಉಕ್ಕಿ ಒಲೆಯೆಲ್ಲ ರಾಡಿಯಾಗುವುದನ್ನು ತಡೆಯುವ ಮುಚ್ಚಳವೊಂದು ಬಂದಿತ್ತು. ಇಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ನಾನು ಕಾಣದ್ದೆಲ್ಲ ಹೊಸದು ಎಂದುಕೊಂಡುಬಿಟ್ಟೆ. ಪರೀಕ್ಷಾ ವರದಿ ಬಂದಾಗ ಅದರಲ್ಲಿ ಹಳೆಯ ಪೇಟೆಂಟ್‌ಗಳ ಸಾಲೇ ಇತ್ತು. ಕುಕ್ಕರಿನ ಚರಿತ್ರೆ ನೋಡಿದ್ದರೆ ಮೊದಲೇ ಎಚ್ಚರವಾಗಬಹುದಿತ್ತು. ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಆವಿಯ ಒತ್ತಡದಲ್ಲಿ ಬೇಯಿಸುವ ಪಾತ್ರೆಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ್ದು 1679ರಲ್ಲಿ. ಅದು ಸಿಡಿಯದಂತೆ ಸುರಕ್ಷತಾ ಕವಾಟ ಅಳವಡಿಸಿದ್ದೂ ಅವನೇ. ಮುನ್ನೂರು ವರ್ಷಗಳಿಂದ ಜನ ತಲೆಕೆಡಿಸಿಕೊಂಡಿರುವ ವಸ್ತುವಿನಲ್ಲಿ ಹೊಸದಾಗಿ ಉಳಿದಿರುವುದು ಬಹಳ ಸಣ್ಣ ಜಾಗ. ಆ ಜಾಗ ಎಲ್ಲಿದೆ ಎಂದು ಹುಡುಕುವುದೇ ನನ್ನ ಕೆಲಸದ ಅರ್ಧ ಭಾಗ.

ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ಹುಡುಕಬಹುದು. ಅರ್ಜಿ ಹಾಕಿದ 18 ತಿಂಗಳ ಬಳಿಕ ಸಾಮಾನ್ಯವಾಗಿ ಎಲ್ಲವೂ ಪ್ರಕಟವಾಗುತ್ತವೆ. ಈ ಹುಡುಕಾಟ ನನಗೆ ಈಗ ಬೇಸರ ತರಿಸುವುದಿಲ್ಲ, ಏಕೆಂದರೆ ಪೇಟೆಂಟ್ ದಾಖಲೆಯೆಂದರೆ ಮಾಡುವ ವಿಧಾನವನ್ನು ಪೂರ್ತಿ ಬರೆದಿಟ್ಟ ಪಾಠ. 20 ವರ್ಷದ ಅವಧಿ ಮುಗಿದದ್ದನ್ನು ಯಾರಾದರೂ ಮಾಡಿ ಮಾರಬಹುದು. ಬೇರೆ ದೇಶದಲ್ಲಷ್ಟೇ ಪೇಟೆಂಟ್ ಇದ್ದು ಇಲ್ಲಿ ಇಲ್ಲದಿದ್ದರೆ ಅದನ್ನು ಇಲ್ಲಿ ಮಾಡಿ ಇಲ್ಲೇ ಮಾರಲು ಆ ಪೇಟೆಂಟ್ ಅಡ್ಡಿಯಾಗದು. ಕುಕ್ಕರ್ ಮುಚ್ಚಳದವರಿಗೆ ಪೇಟೆಂಟ್ ಸಿಗಲಿಲ್ಲ. ಆದರೆ ಆ ಹಳೆಯ ದಾಖಲೆಗಳಲ್ಲಿದ್ದ ಒಂದು ನಮೂನೆ ಅವರದಕ್ಕಿಂತ ಚೆನ್ನಾಗಿತ್ತು, ಅವಧಿಯೂ ಮುಗಿದಿತ್ತು.

3. "ಸ್ಪ್ರಿಂಗ್" ಎಂದು ನಾನು ಬರೆದೆ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಂಡ್ಯ ಕಡೆಯ ಒಬ್ಬ ತಾಯಿ ಮುದ್ದೆ ತೊಳಸುವಾಗ ಪಾತ್ರೆ ಹಿಡಿಯುವ ಸ್ಟ್ಯಾಂಡ್ ಮಾಡಿದ್ದರು. ಮುದ್ದೆ ತೊಳಸುವುದು ಎಂಥ ಕೆಲಸವೆಂದು ಗೊತ್ತಿರುವವರಿಗೆ ಅದರ ಬೆಲೆ ಗೊತ್ತು. ಹಿಟ್ಟು ಗಟ್ಟಿಯಾಗುತ್ತ ಬಂದಂತೆ ಕೋಲಿನ ಜೊತೆ ಪಾತ್ರೆಯೂ ತಿರುಗುತ್ತದೆ. ಕವೆಗೋಲು ಒತ್ತಿ ಹಿಡಿಯಬೇಕು, ಇಲ್ಲವೇ ಬಟ್ಟೆ ಸುತ್ತಿಕೊಂಡು ಕೈಯಲ್ಲೇ ಹಿಡಿಯಬೇಕು. ಜಾರಿದರೆ ಕುದಿಯುವ ಹಿಟ್ಟು ಕಾಲ ಮೇಲೆ. ಅವರ ಸ್ಟ್ಯಾಂಡಿನಲ್ಲಿ ಮೂರು ತೋಳುಗಳು ಪಾತ್ರೆಯ ಕಂಠವನ್ನು ಬಿಗಿಯಾಗಿ ಹಿಡಿಯುತ್ತಿದ್ದವು, ಎರಡೂ ಕೈ ಕೋಲಿಗೆ ಬಿಡುವಾಗುತ್ತಿದ್ದವು. ತೋಳುಗಳನ್ನು ಬಿಗಿಮಾಡಲು ಅವರು ಬಳಸಿದ್ದು ಸ್ಪ್ರಿಂಗ್.

ಪೇಟೆಂಟ್ ದಾಖಲೆಯ ಕೊನೆಯಲ್ಲಿ ಕ್ಲೇಮ್ ಎಂಬ ಭಾಗ ಬರುತ್ತದೆ. ಇಡೀ ದಾಖಲೆಯಲ್ಲಿ ಹಕ್ಕಿನ ಗಡಿ ಗುರುತಿಸುವುದು ಅದೊಂದೇ. ಅಲ್ಲಿ ಹೇಳಿದ ಪ್ರತಿಯೊಂದು ಅಂಗವೂ ಇನ್ನೊಬ್ಬರ ಸಾಮಾನಿನಲ್ಲಿದ್ದರೆ ಮಾತ್ರ ಅವರು ನಮ್ಮ ಗಡಿಯೊಳಗೆ ಬಂದಂತೆ. ಅಂದರೆ ಹೆಚ್ಚು ವಿವರ ತುಂಬಿದಷ್ಟೂ ಹಕ್ಕು ಕಿರಿದಾಗುತ್ತದೆ. ಇದು ನನಗೆ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಆದರೂ ನನ್ನ ಕಣ್ಣೆದುರು ಇದ್ದ ಸಾಮಾನನ್ನು ಇದ್ದಂತೆಯೇ ವರ್ಣಿಸಿದೆ: ಸ್ಟೇನ್‌ಲೆಸ್ ಸ್ಟೀಲಿನ ಮೂರು ತೋಳುಗಳು, ಅವನ್ನು ಒಳಕ್ಕೆ ಎಳೆಯುವ ಸ್ಪ್ರಿಂಗ್. ಪೇಟೆಂಟ್ ಸಿಕ್ಕಿತು. ಆಕೆ ಊರಿನಲ್ಲಿ ಸಿಹಿ ಹಂಚಿದರು.

ಸ್ವಲ್ಪ ಕಾಲದಲ್ಲೇ ಪೇಟೆಯಲ್ಲಿ ಬೇರೊಂದು ಸ್ಟ್ಯಾಂಡ್ ಬಂತು. ಅದೇ ಮೂರು ತೋಳು, ಅದೇ ಕೆಲಸ. ಸ್ಪ್ರಿಂಗ್ ಬದಲು ಸ್ಕ್ರೂ. ಆಕೆ ಅದನ್ನು ಕೊಂಡು ತಂದು ನನ್ನ ಮುಂದಿಟ್ಟು ಕೇಳಿದರು: "ಸಾರ್, ನಂದು ಸ್ಪ್ರಿಂಗು, ಅವರ್ದು ಸ್ಕ್ರೂವು. ಮಾಡೋ ಕೆಲ್ಸ ಒಂದೇ ಅಲ್ವಾ?"

ಕೆಲಸ ಒಂದೇ, ಹೌದು. ಕೋರ್ಟಿನಲ್ಲಿ ಹಾಗೆಂದು ವಾದ ಮಾಡಲೂ ದಾರಿಯುಂಟು. ಆದರೆ ಆ ದಾರಿಯ ಖರ್ಚು ಅವರ ಶಕ್ತಿಗೆ ಮೀರಿದ್ದು. ಕ್ಲೇಮನ್ನು ಈಗ ತಿದ್ದಿ ಹಿಗ್ಗಿಸಲು 59ನೇ ಸೆಕ್ಷನ್ ಬಿಡುವುದಿಲ್ಲ. ತಿದ್ದುಪಡಿ ಏನಿದ್ದರೂ ಮೊದಲಿದ್ದ ಗಡಿಯೊಳಗೇ ಇರಬೇಕು. "ತೋಳುಗಳನ್ನು ಪಾತ್ರೆಯ ಕಂಠದ ಕಡೆಗೆ ಬಿಗಿಗೊಳಿಸುವ ಸಾಧನ" ಎಂದು ಮೊದಲ ಕ್ಲೇಮಿನಲ್ಲಿ ಬರೆದು, ಸ್ಪ್ರಿಂಗನ್ನು ಎರಡನೆಯದರಲ್ಲಿ, ಸ್ಕ್ರೂವನ್ನು ಮೂರನೆಯದರಲ್ಲಿ ಹೇಳಿದ್ದರೆ ಸಾಕಿತ್ತು. ಆಕೆಗೆ ಸ್ಕ್ರೂ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು. ನನ್ನನ್ನು ಹುಡುಕಿಕೊಂಡು ಬರುವುದು ಅದಕ್ಕೇ. ಅವತ್ತಿನಿಂದ ಕ್ಲೇಮ್ ಬರೆಯುವ ಮೊದಲು ಸಾಮಾನು ಮಾಡಿದವರ ಜೊತೆ ಕೂತು ಒಂದೊಂದೇ ಅಂಗ ಮುಟ್ಟಿ ಕೇಳುತ್ತೇನೆ: ಇದನ್ನು ತೆಗೆದರೆ ಕೆಲಸ ನಿಲ್ಲುತ್ತದೆಯೇ? ಇದರ ಜಾಗದಲ್ಲಿ ಬೇರೇನು ಕೂರಬಹುದು? ನಿಮ್ಮ ಎದುರಾಳಿ ನೀವೇ ಆಗಿದ್ದರೆ ಹೇಗೆ ತಪ್ಪಿಸಿಕೊಳ್ಳುತ್ತಿದ್ದಿರಿ?

4. ಬೆರೆಸಿದ ಮಾತ್ರಕ್ಕೆ ಆವಿಷ್ಕಾರವಾಗದು

ಕಷಾಯದ ಪುಡಿ, ಸಿರಿಧಾನ್ಯದ ಮಿಶ್ರಣ, ಮೂಲಿಕೆಯ ಮುಲಾಮು. ಈ ಬಗೆಯವು ಬೇಕಾದಷ್ಟು ಬರುತ್ತವೆ. ಕಾಯ್ದೆಯ 3(ಇ) ಪ್ರಕಾರ, ಬೆರೆಸಿದ ವಸ್ತುಗಳ ಗುಣಗಳು ಬರೀ ಒಟ್ಟುಗೂಡಿದರೆ ಪೇಟೆಂಟ್ ಇಲ್ಲ. ಕೂಡಿದಾಗ ಬಿಡಿಬಿಡಿಯಾಗಿ ಇಲ್ಲದ ಪರಿಣಾಮ ಹುಟ್ಟಬೇಕು, ಅದನ್ನು ಪರೀಕ್ಷೆಯ ಅಂಕಿಗಳಲ್ಲಿ ತೋರಿಸಬೇಕು. 3(ಪಿ) ಪ್ರಕಾರ ಪಾರಂಪರಿಕ ಜ್ಞಾನಕ್ಕೂ ಇಲ್ಲ. ಶುರುವಿನಲ್ಲಿ ಇವೆರಡೂ ನನಗೆ ದಾಟಬೇಕಾದ ಬೇಲಿಯಂತೆ ಕಾಣುತ್ತಿದ್ದವು. ಒಬ್ಬರ ಕೆಮ್ಮಿನ ಪುಡಿಗೆ ಅಂಕಿಗಳಿಲ್ಲದೆ, ಮಾತಿನ ಬಲದಿಂದಲೇ ವಾದಿಸಿದೆ. ಪರೀಕ್ಷಕರು ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದಿಂದ ಹೆಚ್ಚುಕಡಿಮೆ ಅದೇ ಯೋಗವನ್ನು ಎತ್ತಿ ತೋರಿಸಿದರು.

ಆ ಗ್ರಂಥಾಲಯ ಯಾಕೆ ಹುಟ್ಟಿತೆಂದು ಆಮೇಲೆ ಗಮನವಿಟ್ಟು ಓದಿದೆ. 1995ರಲ್ಲಿ ಗಾಯಕ್ಕೆ ಅರಿಸಿನ ಹಚ್ಚುವುದರ ಮೇಲೆ ಅಮೆರಿಕದಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ಆರ್. ಎ. ಮಾಶೇಲ್ಕರ್ ಮುಂದಾಳತ್ವದಲ್ಲಿದ್ದ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಬೇವಿನ ಮೇಲಿನ ಯುರೋಪಿನ ಪೇಟೆಂಟ್ 2000ದಲ್ಲಿ ರದ್ದಾಯಿತು. ಇಂಥ ಜಗಳ ಮತ್ತೆ ಮತ್ತೆ ಆಗದಿರಲೆಂದು 2001ರಲ್ಲಿ ಗ್ರಂಥಾಲಯದ ಕೆಲಸ ಶುರುವಾಯಿತು. ಅಜ್ಜಿ ಅರೆದು ಹಚ್ಚುತ್ತಿದ್ದುದು ಒಬ್ಬರ ಪಾಲಾಗಬಾರದೆಂದು ಕಟ್ಟಿದ ಕಾವಲು ಅದು. ನಾನು ನನ್ನ ಕಕ್ಷಿದಾರರಿಗಾಗಿ ಆ ಕಾವಲಿನ ವಿರುದ್ಧವೇ ವಾದಿಸುತ್ತಿದ್ದೆ. ಈಗ ಇಂಥವರು ಬಂದರೆ ಪ್ರಯೋಗಾಲಯದ ಅಂಕಿಗಳನ್ನು ಕೇಳುತ್ತೇನೆ. ಇಲ್ಲದಿದ್ದರೆ, ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿ, ಶುಚಿಯಾಗಿ ತಯಾರಿಸಿ ಮಾರಿ ಎನ್ನುತ್ತೇನೆ. ಅದರಿಂದ ಚೆನ್ನಾಗಿ ಬದುಕುತ್ತಿರುವವರನ್ನು ಕಂಡಿದ್ದೇನೆ.

5. ಪೇಟೆಂಟ್ ಎಂದರೆ ಮಾರಾಟದ ಪರವಾನಗಿ ಅಲ್ಲ

ಇದನ್ನು ನಾನು ಅರ್ಜಿಯ ಮೊದಲೇ ಹೇಳದೆ ಹಲವರಿಗೆ ನಿರಾಸೆ ಮಾಡಿದ್ದೇನೆ. ಬೇರೆಯವರು ಮಾಡದಂತೆ ತಡೆಯುವ ಹಕ್ಕಷ್ಟೇ ಪೇಟೆಂಟಿನಿಂದ ಬರುವುದು. ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿಯೋ ಲೈಸೆನ್ಸೋ ಬೇಕು. ವೈದ್ಯಕೀಯ ಉಪಕರಣಕ್ಕೆ 2017ರ ನಿಯಮಗಳಂತೆ ಎ, ಬಿ, ಸಿ, ಡಿ ಎಂಬ ಅಪಾಯದ ವರ್ಗಕ್ಕೆ ತಕ್ಕ ಅನುಮತಿ ಬೇಕು. ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಪೇಟೆಂಟ್ ಪರೀಕ್ಷಕರು ಕೇಳುವುದು ಹೊಸದೇ ಎಂದು. ತಿಂದವರ ಹೊಟ್ಟೆಗೆ ಒಗ್ಗುತ್ತದೆಯೇ ಎಂದು ನೋಡುವುದು ಬೇರೆ ಕಚೇರಿ. ಕೊಳ್ಳುವವರೂ ಇದನ್ನು ತಿಳಿದಿರಬೇಕು: ಡಬ್ಬಿಯ ಮೇಲಿನ "ಪೇಟೆಂಟ್" ಎಂಬ ಮಾತು ಗುಣಮಟ್ಟದ ಸಾಕ್ಷಿಯಲ್ಲ. ಇನ್ನೂ ಸಿಗದ ಪೇಟೆಂಟನ್ನು ಸಿಕ್ಕಿದೆಯೆಂದು ಅಚ್ಚು ಹಾಕಿಸಿದರೆ ದಂಡವಿದೆ.

6. ತಾರೀಖುಗಳನ್ನು ಗೋಡೆಯ ಮೇಲೆ ಬರೆಯಿರಿ

ಪರೀಕ್ಷೆಗೆ ಕೋರಿಕೆ: 2024ರ ನಿಯಮದಂತೆ 31 ತಿಂಗಳೊಳಗೆ. ಪರೀಕ್ಷಾ ವರದಿಗೆ ಉತ್ತರ: ಆರು ತಿಂಗಳು. ನವೀಕರಣ ಶುಲ್ಕ: ಮೂರನೇ ವರ್ಷದಿಂದ ಪ್ರತಿ ವರ್ಷ. ಒಬ್ಬರ ಫೋನ್ ನಂಬರ್ ಬದಲಾಗಿತ್ತು, ನಾನು ಮನೆ ವಿಳಾಸಕ್ಕೆ ಕಾಗದ ಹಾಕಲಿಲ್ಲ, ಪೇಟೆಂಟ್ ಬಿದ್ದುಹೋಯಿತು. ಮರಳಿ ಜೀವ ಕೊಡಲು 18 ತಿಂಗಳ ಅವಕಾಶವಿತ್ತು, ಅದೂ ಮುಗಿದ ಮೇಲೆ ಅವರು ಸಿಕ್ಕರು.

7. ಬಿಟ್ಟುಕೊಡಬೇಕಾದದ್ದನ್ನು ಗುರುತಿಸಬೇಕು

ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರು, ಪಾರ್ಶ್ವವಾಯು ಆದವರಿಗೆ ನುಂಗುವ ಶಕ್ತಿ ಮರಳಿಸುವ ವ್ಯಾಯಾಮದ ಕ್ರಮವೊಂದನ್ನು ರೂಪಿಸಿದ್ದರು. ಚಿಕಿತ್ಸೆಯ ವಿಧಾನಕ್ಕೆ 3(ಐ) ಪ್ರಕಾರ ಪೇಟೆಂಟ್ ಇಲ್ಲ. ಉಪಕರಣಕ್ಕೆ ಸಿಗಬಹುದು, ವೈದ್ಯರ ಕೈಚಳಕಕ್ಕೆ ಸಿಗದು. ನಾನು ಜಾಣತನ ಮಾಡಿ ಅದನ್ನು "ವ್ಯವಸ್ಥೆ" ಎಂದು ಕರೆದು ಅರ್ಜಿ ಹಾಕಿದೆ. ತಿರಸ್ಕಾರವಾಯಿತು. ಅಷ್ಟು ಕಾಲ ಆ ಕ್ರಮ ಬೇರೆ ಆಸ್ಪತ್ರೆಗಳಿಗೆ ತಲುಪದೆ ಕೂತಿತ್ತು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡ್ರಿಪ್ ಸಾಲದೆ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಶೇಕಡಾ 30ರ ಹತ್ತಿರವಿದ್ದ ಸಾವು ಶೇಕಡಾ 3.6ಕ್ಕೆ ಇಳಿಯಿತು. ಅವರು ಅದರ ಮೇಲೆ ಹಕ್ಕು ಸಾಧಿಸಲಿಲ್ಲ. ಇವತ್ತು ಯಾವ ಹಳ್ಳಿಯ ಅಂಗಡಿಯಲ್ಲಾದರೂ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಇನ್ನೊಂದು ದಾರಿಯೂ ಇದೆ. ಇನ್ಸುಲಿನ್ ಕಂಡುಹಿಡಿದವರು ಪೇಟೆಂಟ್ ಪಡೆದರು, ಆದರೆ 1923ರಲ್ಲಿ ಅದನ್ನು ತಲಾ ಒಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಯಾರೋ ಒಬ್ಬರು ಅದನ್ನು ಹಿಡಿದಿಟ್ಟುಕೊಳ್ಳಬಾರದು, ಕಳಪೆ ಔಷಧ ಮಾರುಕಟ್ಟೆಗೆ ಬರಬಾರದು ಎಂಬುದು ಉದ್ದೇಶ. ಇಂಥ ಸಂದರ್ಭದಲ್ಲಿ ನಾನೀಗ ಹೇಳುವುದು: ತಾರೀಖು ಸಮೇತ ಲೇಖನವಾಗಿ ಪ್ರಕಟಿಸಿಬಿಡಿ. ಪ್ರಕಟವಾದದ್ದರ ಮೇಲೆ ಆಮೇಲೆ ಯಾರೂ ಪೇಟೆಂಟ್ ಕೇಳಲಾಗದು.

8. ಬಳಸುವವರ ಕೈಯನ್ನು ನೋಡಿ ಬರೆಯಬೇಕು

ಹಾಸಿಗೆ ಹಿಡಿದ ತಂದೆಗಾಗಿ ಮಗನೊಬ್ಬ ಅಗಲವಾದ ಪಟ್ಟಿ ಹೊಲಿದಿದ್ದ. ಬೆನ್ನಿನಲ್ಲಿ ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಒಬ್ಬರೇ ಸಾಕಾಗಲಿ ಎಂದು. ಅವನ ಚಿತ್ರಗಳನ್ನು ನೋಡಿ ಕರಡು ಮುಗಿಸಿದ್ದೆ, ಹಿಡಿಕೆಗಳ ಜೋಡಣೆಯೇ ಮುಖ್ಯ ಎಂದುಕೊಂಡಿದ್ದೆ. ಸಹಿ ಹಾಕಿಸಲು ಅವರ ಮನೆಗೆ ಹೋದಾಗ ಆರೈಕೆ ಮಾಡುತ್ತಿದ್ದವರು ತಾಯಿ ಎಂದು ತಿಳಿಯಿತು. ಆಕೆ ಪಟ್ಟಿಯ ಅಂಚಿಗೆ ಹಳೆಯ ಟವೆಲ್ ಮಡಿಸಿ ಹೊಲಿದುಕೊಂಡಿದ್ದರು. "ಅಂಚು ಚರ್ಮ ಕೊರೀತದೆ, ಅದಕ್ಕೆ" ಎಂದರು. ಹುಣ್ಣು ತಡೆಯುತ್ತಿದ್ದುದು ಆ ಮೆತ್ತನೆ ಅಂಚು. ಮಗನಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ.

ಕರಡನ್ನು ಹರಿದು ಹೊಸದಾಗಿ ಬರೆದೆ. ಮೊದಲ ಕ್ಲೇಮ್ ಅಂಚಿನದು, ಹಿಡಿಕೆ ಆಮೇಲಿನದು. ಆವಿಷ್ಕಾರಕರ ಹೆಸರಿನ ಜಾಗದಲ್ಲಿ ತಾಯಿಯ ಹೆಸರೂ ಸೇರಿತು. ಹೊಸದನ್ನು ಯೋಚಿಸಿದವರ ಹೆಸರು ಅಲ್ಲಿರಬೇಕೆಂಬುದು ಕಾನೂನು ಕೂಡ.

ನಿಮ್ಮಲ್ಲಿ ಯಾರಾದರೂ ಇಂಥದ್ದೊಂದನ್ನು ಮಾಡಿದ್ದರೆ, ಚಿತ್ರದ ಜೊತೆ ಸಾಮಾನನ್ನೂ, ದಿನಾ ಅದನ್ನು ಬಳಸುವವರನ್ನೂ ಕರೆದುಕೊಂಡು ಬನ್ನಿ. ಕೆಟ್ಟುಹೋದ ಹಳೆಯ ಮಾದರಿಗಳನ್ನು ಎಸೆಯಬೇಡಿ, ಯಾವುದು ಯಾಕೆ ಕೆಲಸ ಮಾಡಲಿಲ್ಲ ಎಂಬುದೂ ನಮಗೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಓದುಬರಹ ಹೆಚ್ಚಿಲ್ಲದ ಹಳ್ಳಿಯ ಆವಿಷ್ಕಾರಕರಿಗೆ ಅಹಮದಾಬಾದ್ ಹತ್ತಿರದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ನೆರವಾಗುತ್ತದೆ. ಆಹಾರ ಸಂಸ್ಕರಣೆಯ ವಿಷಯವಾದರೆ ಮೈಸೂರಿನ ಸಿಎಫ್‌ಟಿಆರ್‌ಐ ಇದೆ. ಅಲ್ಲಿಗೆ ಹೋಗುವವರೆಗೆ ವಿಡಿಯೊ ಮಾಡಿ ಯಾರಿಗೂ ಕಳಿಸಬೇಡಿ.