ಈ ‘ಅವರು’ ಯಾರಪ್ಪ?

ಪುಟ್ಟಿ,

ಕಳೆದ ಭಾನುವಾರ ಊಟ ಮುಗಿಸಿಕೊಂಡು ನೀನು ಬಿಟಿಎಂ ಲೇಔಟಿನ ಪಿಜಿಗೆ ಹೊರಟ ಮೇಲೆ ನಮ್ಮ ಮೇಜಿನ ಮೇಲೆ ಎರಡು ಹಾಳೆ ಉಳಿದಿದ್ದವು. ಐಐಎಂ ಪ್ರವೇಶದ ಕ್ಯಾಟ್ ಪರೀಕ್ಷೆಯ ಪ್ಯಾರಾ ಜಂಬಲ್ ಅಭ್ಯಾಸ, ಅಂದರೆ ಕಲಸಿಟ್ಟ ವಾಕ್ಯಗಳನ್ನು ಕ್ರಮಕ್ಕೆ ತರುವುದು. ನಾಲ್ಕು ನಾಲ್ಕು ವಾಕ್ಯ, ಪಕ್ಕದಲ್ಲಿ ನಿನ್ನ ಉತ್ತರ, ಅದರ ಮೇಲೆ ನೀನೇ ಎಳೆದ ಕೆಂಪು ಗೀಟು. ಇಪ್ಪತ್ತರಲ್ಲಿ ಏಳು ಸರಿ. ಕೊನೆಯಲ್ಲಿ, ಅಂಚಿನಲ್ಲಿ, ‘ಇದು ನನ್ನ ಕೈಲಾಗಲ್ಲ’ ಅಂತ ಪೆನ್ಸಿಲ್ಲಿನಲ್ಲಿ ಬರೆದಿದ್ದೀಯ. ಇನ್ನೊಬ್ಬರ ಹಾಳೆ ಓದಬಾರದು, ಗೊತ್ತು. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಇನ್ನೊಬ್ಬರ ಹಾಳೆ ಓದಿ ತಿದ್ದುವುದಕ್ಕೇ ನನಗೆ ಸಂಬಳ ಬರುತ್ತಿತ್ತು. ಆ ಚಟ ಹೋಗಿಲ್ಲ.

ನಾನು ಕ್ಯಾಟ್ ಬರೆದವನಲ್ಲ. 1973ರಲ್ಲಿ ಐಐಎಂ ಬೆಂಗಳೂರು ಶುರುವಾದಾಗ ಬಿ.ಎ. ಓದುತ್ತಿದ್ದೆ, ಮ್ಯಾನೇಜ್‌ಮೆಂಟ್ ಎನ್ನುವುದೂ ಕಲಿಯುವ ವಿದ್ಯೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಆದರೆ ನಿನ್ನ ಹಾಳೆಯಲ್ಲಿದ್ದ ಕೆಲಸ ನನ್ನದೇ. ಸುದ್ದಿಮನೆಯ ಡೆಸ್ಕಿನಲ್ಲಿ ಕೂತು ಮಾಡಿದ್ದೆಲ್ಲ ಅದೇ.

ಆಗ ಸುದ್ದಿಮನೆಯ ಮೂಲೆಯಲ್ಲಿ ಪಿಟಿಐ, ಯುಎನ್‌ಐ ಟೆಲಿಪ್ರಿಂಟರುಗಳು ಹಗಲು ರಾತ್ರಿ ಟಕಟಕ ಬಡಿದುಕೊಳ್ಳುತ್ತಿದ್ದವು. ದೊಡ್ಡ ಸುದ್ದಿ ಯಾವತ್ತೂ ಇಡಿಯಾಗಿ ಬಂದದ್ದಿಲ್ಲ. ಒಂದು ಟೇಕ್, ಅಂದರೆ ಸುದ್ದಿಯ ಒಂದು ತುಂಡು, ಬರುವುದು, ನಡುವೆ ಬೇರೆ ಎರಡು ಸುದ್ದಿ ನುಗ್ಗುವುದು, ಆಮೇಲೆ ಎರಡನೆಯ ಟೇಕ್, ಅರ್ಧ ಗಂಟೆ ಬಿಟ್ಟು ಮೊದಲನೆಯದಕ್ಕೆ ತಿದ್ದುಪಡಿ. ಆಫೀಸ್ ಹುಡುಗ ಆ ಉದ್ದನೆಯ ಕಾಗದವನ್ನು ಹರಿದು ತಂದು ಮುಂದೆ ಸುರಿಯುತ್ತಿದ್ದ. ಸ್ಕೇಲಿಟ್ಟು ಹರಿದು, ಅಂಟು ಹಚ್ಚಿ, ಯಾವುದರ ಹಿಂದೆ ಯಾವುದು ಅಂತ ಜೋಡಿಸಿ, ಕನ್ನಡಕ್ಕೆ ಇಳಿಸಿ ಕಂಪೋಸಿಂಗಿಗೆ ಕಳಿಸಬೇಕು. ಸಿಟಿ ಎಡಿಷನ್ ಹೋಗುವ ಹೊತ್ತಿಗೆ ಬೆರಳೆಲ್ಲ ಗೋಂದು.

ಸೇರಿದ ಮೊದಲ ವರ್ಷ. ಒಂದು ರಾತ್ರಿ ಮಂತ್ರಿಯೊಬ್ಬರ ಭಾಷಣದ ಸುದ್ದಿಗೆ ಹಳೆಯ ಕ್ರೀಡಾಪಟುವೊಬ್ಬರ ಸನ್ಮಾನದ ಬಾಲವನ್ನು ಅಂಟಿಸಿಬಿಟ್ಟೆ. ಆ ಬಾಲ ‘ಹಿ’ ಎಂದು ಶುರುವಾಗಿತ್ತು. ನಾನು ‘ಅವರು’ ಎಂದು ಬರೆದೆ. ಮಂತ್ರಿಗಳೂ ‘ಅವರು’ ತಾನೆ! ಬೆಳಿಗ್ಗೆ ನೋಡಿದರೆ ಮಾನ್ಯ ಮಂತ್ರಿಗಳು ನೀರಾವರಿ ಯೋಜನೆಯ ಬಗ್ಗೆ ಭರವಸೆ ಕೊಟ್ಟು, ಮರುವಾಕ್ಯದಲ್ಲೇ ಎತ್ತರ ಜಿಗಿತದಲ್ಲಿ ಪದಕ ಗೆದ್ದಿದ್ದರು. ಬೈಗುಳಕ್ಕೆ ಸಿದ್ಧನಾಗಿ ಹೋದೆ. ನಮ್ಮ ಚೀಫ್ ಸಬ್ ಎಡಿಟರ್ ಪೇಪರನ್ನು ನನ್ನ ಕಡೆ ತಿರುಗಿಸಿ, ಆ ಪದದ ಮೇಲೆ ಬೆರಳಿಟ್ಟು ಒಂದೇ ಮಾತು ಕೇಳಿದರು: “ಈ ‘ಅವರು’ ಯಾರಪ್ಪ?”

ನನ್ನ ಹತ್ತಿರ ಇರುವ ವಿದ್ಯೆ ಇಷ್ಟೇ ಪುಟ್ಟಿ. ಉಳಿದದ್ದೆಲ್ಲ ಇದರ ವಿವರ.

ನಿನ್ನ ತಪ್ಪುಗಳನ್ನು ಒಂದೊಂದಾಗಿ ನೋಡಿದೆ. ಹೆಚ್ಚಿನ ಕಡೆ ನೀನು ವಿಷಯ ನೋಡಿ ಜೋಡಿಸಿದ್ದೀಯ. ಇದೂ ಜೇನುಹುಳದ ಬಗ್ಗೆ, ಅದೂ ಜೇನುಹುಳದ ಬಗ್ಗೆ, ಹಾಗಾಗಿ ಅಕ್ಕಪಕ್ಕ. ನಾಲ್ಕೂ ವಾಕ್ಯ ಜೇನುಹುಳದ ಬಗ್ಗೆಯೇ ಇರುವಾಗ ಅದರಿಂದ ಏನು ಸಿಕ್ಕೀತು? ವಿಷಯ ಬಿಟ್ಟು ಸಾಲ ನೋಡು. ಕೆಲವು ವಾಕ್ಯಗಳಿಗೆ ಯಾರ ಹಂಗೂ ಇಲ್ಲ, ಮನೆಯ ಯಜಮಾನನ ಹಾಗೆ ಬಂದು ಕೂರುತ್ತವೆ. ಮಿಕ್ಕವು ಹಿಂದಿನ ವಾಕ್ಯದಿಂದ ಏನೋ ಕಡ ತಂದಿರುತ್ತವೆ: ‘ಇದು’, ‘ಅಂಥ’, ‘ಇನ್ನೊಂದು’, ‘ಹಾಗಿದ್ದರೂ’. ಯಾರಿಂದ ತಂದದ್ದು ಎಂದು ಕೇಳು. ಉತ್ತರ ಹೇಳುವ ವಾಕ್ಯ ಒಂದೇ ಇದ್ದರೆ ಆ ಎರಡನ್ನೂ ಗಂಟು ಹಾಕು, ಆಮೇಲೆ ಬಿಚ್ಚಬೇಡ.

ಈ ಗಂಟಿನ ಬೆಲೆ ಎಷ್ಟು ಅಂತ ನಿನ್ನ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ನಾಲ್ಕು ವಾಕ್ಯವನ್ನು 24 ರೀತಿ ಜೋಡಿಸಬಹುದು. ಒಂದು ಜೋಡಿ ಗಟ್ಟಿಯಾದರೆ ಉಳಿಯುವುದು 6. ಮೊದಲ ವಾಕ್ಯವೂ ಗೊತ್ತಾದರೆ 2. ಎರಡರಲ್ಲಿ ಒಂದನ್ನು ಆರಿಸುವುದಕ್ಕೆ ಯಾರಾದರೂ ‘ಕೈಲಾಗಲ್ಲ’ ಅನ್ನುತ್ತಾರೆಯೇ?

ಕನ್ನಡ ಮೀಡಿಯಮ್ಮಿನಲ್ಲಿ ಓದಿದ್ದರಿಂದ ಇಂಗ್ಲಿಷಿನ ‘ಎ’, ‘ದಿ’ ಕೈಕೊಡುತ್ತವೆ ಅಂತ ಅಂದು ಹೇಳಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಿನ್ನ ಮುತ್ತಜ್ಜಿ ಶಾಲೆಯ ಮುಖ ನೋಡಿದವಳಲ್ಲ. ಆದರೂ ಕತೆ ಶುರುಮಾಡುವಾಗ “ಒಂದೂರಲ್ಲಿ ಒಬ್ಬ ರಾಜ ಇದ್ದ” ಎಂದು ಹೇಳಿ, ಆಮೇಲೆ “ಆ ರಾಜನಿಗೆ ಇಬ್ಬರು ಹೆಂಡಿರು” ಎನ್ನುತ್ತಿದ್ದಳು. ಒಂದು ಸಲವೂ ತಿರುವುಮುರುವು ಮಾಡಲಿಲ್ಲ. ಮೊದಲು ‘ಒಬ್ಬ’, ಆಮೇಲೆ ‘ಆ’. ಇಂಗ್ಲಿಷಿನವರು ಮೊದಲು ‘ಎ’, ಆಮೇಲೆ ‘ದಿ’ ಎನ್ನುತ್ತಾರೆ, ಅಷ್ಟೇ. ಇನ್ನು ನಮ್ಮ ‘ಊ’ ಇದೆಯಲ್ಲ, ಅದಂತೂ ದೊಡ್ಡ ಚಾಡಿಕೋರ. ‘ಮಳೆಯೂ ಬಂತು’ ಎಂದು ಯಾರಾದರೂ ಬಾಯಿಬಿಟ್ಟರೆ ಅದಕ್ಕಿಂತ ಮೊದಲು ಗಾಳಿಯೋ ಗುಡುಗೋ ಬಂದಿದೆ ಎಂದು ತಿಳಿಯುತ್ತದೆ. ಇಂಗ್ಲಿಷಿನ ‘ಆಲ್ಸೊ’, ‘ಟೂ’, ‘ಈವನ್’ ಕಂಡಾಗ ಮನಸ್ಸಿನಲ್ಲಿ ಒಂದು ‘ಊ’ ಹಚ್ಚಿ ಓದಿ ನೋಡು.

ಹೆಸರುಗಳೂ ಹಾಗೆಯೇ. ನೀನು ಬನ್ನೇರುಘಟ್ಟ ರಸ್ತೆಯ ಬಸ್ಸಿನಿಂದ ಕತ್ತು ಹೊರಳಿಸಿ ನೋಡುತ್ತೀಯಲ್ಲ, ಆ ಕಲ್ಲುಕಟ್ಟಡಗಳ ಐಐಎಂ ಕ್ಯಾಂಪಸ್ಸನ್ನು ವಿನ್ಯಾಸ ಮಾಡಿದವರು ಬಾಲಕೃಷ್ಣ ದೋಶಿ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದಾಗ ದೋಶಿಯವರಿಗೆ ತೊಂಬತ್ತು ವಯಸ್ಸು. ನೋಡು, ನಾನೇ ಈಗ ಏನು ಮಾಡಿದೆ? ಮೊದಲು ಪೂರ್ತಿ ಹೆಸರು, ಮರುಸಲ ಬರೀ ದೋಶಿ. ಹೆಸರು ಮೊಟಕಾಗಿರುವ ವಾಕ್ಯ ಮುಂದೆ ಬರುವುದು ಬಹಳ ಅಪರೂಪ.

ಕನ್ನಡದಲ್ಲೇ ಒಂದು ಮಾಡಿ ನೋಡೋಣ. ನಿನಗಾಗಿ ನಿನ್ನೆ ಸಂಜೆ ಕೂತು ಬರೆದೆ.

ಅ. ಅವುಗಳಲ್ಲಿ ಒಂದು ಲಾಲ್‌ಬಾಗಿನ ಬಂಡೆಯ ಮೇಲಿದೆ.

ಆ. ಈಗ ನೋಡಿದರೆ ಅದರ ದಕ್ಷಿಣಕ್ಕೇ ಜಯನಗರ, ಬನಶಂಕರಿ, ಜೆ.ಪಿ. ನಗರಗಳು ಹಬ್ಬಿಕೊಂಡಿವೆ.

ಇ. ಬೆಂಗಳೂರಿನ ನಾಲ್ಕು ದಿಕ್ಕಿಗೆ ಕೆಂಪೇಗೌಡರ ಕಾಲದ ನಾಲ್ಕು ಗಡಿಗೋಪುರಗಳಿವೆ.

ಈ. ಊರು ಬೆಳೆದರೂ ಅವನ್ನು ದಾಟಿ ಹೋಗಲಾರದು ಎಂಬುದು ಅಂದಿನ ಎಣಿಕೆಯಂತೆ.

‘ಇ’ ಯಾರ ಸಾಲವನ್ನೂ ತಂದಿಲ್ಲ, ಮೊದಲು ಅದೇ. ‘ಆ’ ವಾಕ್ಯದ ‘ಅದರ’ ಏಕವಚನ. ನಾಲ್ಕು ಗೋಪುರಗಳಿಗೆ ‘ಅದರ’ ಅನ್ನುವುದಕ್ಕಾಗುವುದಿಲ್ಲ, ಆದ್ದರಿಂದ ಒಂದು ಗೋಪುರದ ಮಾತೆತ್ತಿದ ‘ಅ’ ವಾಕ್ಯದ ಬೆನ್ನಿಗೇ ‘ಆ’ ಬರಬೇಕು. ಅ–ಆ ಗಂಟಾಯಿತು. ಉಳಿದದ್ದು ‘ಈ’. ಅದು ಗಂಟಿನ ಮೊದಲೋ, ಕೊನೆಗೋ? ಎಷ್ಟೋ ಜನ ಕೊನೆಗೆ ಹಾಕುತ್ತಾರೆ, ‘ಎಣಿಕೆಯಂತೆ’ ಎನ್ನುವುದು ಕತೆ ಮುಗಿಸುವ ಮಾತಿನ ಹಾಗೆ ಕೇಳಿಸುತ್ತದೆ. ಆದರೆ ‘ಈಗ ನೋಡಿದರೆ’ ಎಂದು ಯಾವಾಗ ಹೇಳುತ್ತೇವೆ? ಅಂದುಕೊಂಡದ್ದೊಂದು, ಆದದ್ದೊಂದು ಇದ್ದಾಗ. ಅಂದುಕೊಂಡದ್ದು ‘ಈ’ಯಲ್ಲಿದೆ. ಹಾಗಾಗಿ ಇ–ಈ–ಅ–ಆ. ‘ಅವನ್ನು’ ಎಂಬ ಬಹುವಚನವೂ ಆಗ ನಾಲ್ಕು ಗೋಪುರಗಳ ಪಕ್ಕದಲ್ಲೇ ಕೂರುತ್ತದೆ.

ಇದು ಹೊರಗಿನಿಂದ ಬಂದ ಕಸರತ್ತು ಅಂದುಕೊಳ್ಳಬೇಡ. ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರು ಕುಮಾರವ್ಯಾಸನ ಒಂದು ಷಟ್ಪದಿ ಓದಿ “ಅನ್ವಯ ಮಾಡು” ಎನ್ನುತ್ತಿದ್ದರು. ಕವಿ ಛಂದಸ್ಸಿಗಾಗಿ ಹಿಂದುಮುಂದು ಮಾಡಿದ ಪದಗಳನ್ನು ಗದ್ಯದ ಕ್ರಮಕ್ಕೆ ತರಬೇಕು. ಮೊದಲು ಕ್ರಿಯಾಪದ ಹಿಡಿ, ಆಮೇಲೆ ಯಾರು, ಯಾರನ್ನು, ಯಾವುದರಿಂದ ಎಂದು ಕೇಳು ಅನ್ನೋರು. ನಮ್ಮಲ್ಲಿ ವಿಭಕ್ತಿ ಇರುವುದರಿಂದ ಪದ ಎಲ್ಲಿದ್ದರೂ ಅದರ ಮನೆ ಗೊತ್ತಾಗುತ್ತದೆ. ವಾಕ್ಯ–ವಾಕ್ಯದ ನಡುವೆ ವಿಭಕ್ತಿ ಇಲ್ಲ, ಅಲ್ಲಿ ‘ಅವರು’, ‘ಆ’, ‘ಊ’ಗಳೇ ವಿಭಕ್ತಿಯ ಕೆಲಸ ಮಾಡುತ್ತವೆ. ನಿನ್ನ ಕೋಚಿಂಗಿನವರಿಗೆ ಅನ್ವಯ ಎಂಬ ಪದ ಗೊತ್ತಿರಲಿಕ್ಕಿಲ್ಲ. ಕೆಲಸ ಅದೇ.

ಇನ್ನೂ ದೊಡ್ಡದೊಂದಿದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಎಂಬಾತ, ಮುನ್ನೂರು ವರ್ಷ ಹಿಂದಿನ ಶರಣರ ಬಿಡಿಬಿಡಿ ವಚನಗಳನ್ನು ಮುಂದಿಟ್ಟುಕೊಂಡು, ಅಲ್ಲಮ ಹೀಗೆ ಕೇಳಿದ, ಬಸವಣ್ಣ ಹೀಗೆ ಉತ್ತರಿಸಿದ, ಅಕ್ಕ ಹೀಗೆ ಎದುರಾಡಿದಳು ಎಂದು ಮಾತುಕತೆಯಾಗಿ ಪೋಣಿಸಿದ. ಅದೇ ಶೂನ್ಯಸಂಪಾದನೆ. ಬೇರೆ ಬೇರೆ ಹೊತ್ತಿನಲ್ಲಿ ಹುಟ್ಟಿದ ವಚನಗಳು. ಯಾವುದು ಯಾವುದಕ್ಕೆ ಉತ್ತರ ಎಂದು ಕಿವಿಗೊಟ್ಟು ಕೇಳಿ ಜೋಡಿಸಿದ್ದು. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ತಂತಮ್ಮ ರೀತಿಯಲ್ಲಿ ಮತ್ತೆ ಸಂಪಾದಿಸಿದರು. ನಾಲ್ವರು, ನಾಲ್ಕು ಶೂನ್ಯಸಂಪಾದನೆ. ಒಂದೇ ಕ್ರಮ ಸರಿ, ಉಳಿದದ್ದಕ್ಕೆಲ್ಲ ಕೆಂಪು ಗೀಟು ಎನ್ನುವ ಹಾಗಿಲ್ಲ.

ಇದನ್ನು ಹೇಳಲು ಕಾರಣವಿದೆ. ನಿನ್ನ ಹದಿಮೂರು ತಪ್ಪುಗಳಲ್ಲಿ ಎರಡು ನನ್ನ ಲೆಕ್ಕದಲ್ಲಿ ತಪ್ಪಲ್ಲ. ನೀನು ಕೊಟ್ಟ ಕ್ರಮದಲ್ಲೂ ಆ ಪ್ಯಾರಾ ನೆಟ್ಟಗೆ ನಿಲ್ಲುತ್ತದೆ. ಒಂದು ಕಡೆಯಂತೂ ಮೂಲದವನಿಗಿಂತ ನೀನೇ ಚೆನ್ನಾಗಿ ಜೋಡಿಸಿದ್ದೀಯ. ಬಜಾರಿನ ಅಭ್ಯಾಸದ ಪುಸ್ತಕಗಳಲ್ಲಿ ಇಂಥ ಸಡಿಲ ಪ್ರಶ್ನೆ ಧಾರಾಳವಾಗಿರುತ್ತವೆ, ಅವನ್ನು ನೋಡಿ ಅಳಬೇಡ. ಪರೀಕ್ಷೆಯಲ್ಲಿ ಬಂದ ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಹಿಡಿ. ಐಐಎಂಗಳು ಸರದಿಯ ಮೇಲೆ ಪರೀಕ್ಷೆ ನಡೆಸುತ್ತವೆ. 2016ರದೂ 2022ರದೂ ನಮ್ಮ ಬೆಂಗಳೂರಿನವರೇ ನಡೆಸಿದ್ದು. ಅವನ್ನು ಬಿಡಿಸುವಾಗ ಗೊತ್ತಾಗುತ್ತದೆ, ‘ಹೌಎವರ್’ ಇರುವ ವಾಕ್ಯ ಮೊದಲು ಬರದು ಎಂಬಂಥ ಕೋಚಿಂಗಿನ ಚುಟುಕು ಸೂತ್ರಗಳು ಪ್ರಶ್ನೆ ತೆಗೆಯುವವರಿಗೂ ಗೊತ್ತು. ಅಂಥ ಪದಗಳನ್ನು ಅವರು ಎಷ್ಟೋ ಸಲ ಮೊದಲೇ ಕಿತ್ತಿಟ್ಟಿರುತ್ತಾರೆ.

ಅಂಕಗಳ ವಿಷಯ ನಿನಗೇ ಚೆನ್ನಾಗಿ ಗೊತ್ತು, ಆದರೂ ಮುದುಕನ ಬಾಯಲ್ಲಿ ಇನ್ನೊಂದು ಸಲ ಕೇಳು. ಇಂಗ್ಲಿಷ್ ವಿಭಾಗಕ್ಕೆ 40 ನಿಮಿಷ. ಈಚಿನ ವರ್ಷಗಳಲ್ಲಿ ಅಲ್ಲಿ 24 ಪ್ರಶ್ನೆ, ಅದರಲ್ಲಿ 16 ಗದ್ಯಭಾಗ ಓದಿ ಉತ್ತರಿಸುವಂಥವು. ಜಂಬಲ್ ಬರುವುದು ಉಳಿದ ಎಂಟರಲ್ಲಿ, ಅದೂ ಎರಡೋ ಮೂರೋ. ಇದಕ್ಕಾಗಿ ನಿದ್ದೆಗೆಟ್ಟು ಗದ್ಯಭಾಗ ಬಿಟ್ಟರೆ ಅದು ಬೇಳೆ ಮರೆತು ಒಗ್ಗರಣೆ ಹಾಕಿದ ಹಾಗೆ. ಆಯ್ಕೆಗಳಿರುವ ಪ್ರಶ್ನೆ ತಪ್ಪಾದರೆ ಒಂದು ಅಂಕ ಕಳೆಯುತ್ತಾರೆ. 2015ರಲ್ಲಿ ಶುರುವಾದ, ಆಯ್ಕೆ ಇಲ್ಲದೆ ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಆ ಕಡಿತವಿಲ್ಲ, ನಿನ್ನ ಜಂಬಲ್ ಈಗ ಆ ಜಾತಿಯದು. ಹಾಗಾಗಿ ಖಾಲಿ ಬಿಡುವುದಕ್ಕೆ ಅರ್ಥವಿಲ್ಲ. ಎರಡು ನಿಮಿಷದಲ್ಲಿ ಗಂಟು ಸಿಗದಿದ್ದರೆ ಸರಿಯೆನಿಸಿದ್ದನ್ನು ಒತ್ತಿ ಮುಂದೆ ಹೋಗು.

ಅಭ್ಯಾಸ ಹೇಗೆ ಮಾಡಬೇಕೆಂದರೆ, ನನ್ನ ಹಳೇ ಪದ್ಧತಿ: ಕತ್ತರಿ. ದಿನಕ್ಕೆ ಇಪ್ಪತ್ತು ಪ್ರಶ್ನೆ ಬೇಡ, ಒಂದು ಪ್ಯಾರಾ ಸಾಕು. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದ್ದೋ, ಒಳ್ಳೆಯ ವಿಜ್ಞಾನ ಲೇಖನದ್ದೋ ಒಂದು ಪ್ಯಾರಾ ಕತ್ತರಿಸು, ವಾಕ್ಯ ಬಿಡಿಬಿಡಿ ಮಾಡು, ಲಕೋಟೆಗೆ ಹಾಕಿ ನಿನ್ನ ರೂಮ್‌ಮೇಟಿಗೆ ಕೊಡು. ಅವಳದ್ದು ನೀನು ತಗೋ. ಮೂರು ದಿನ ಬಿಟ್ಟು ಜೋಡಿಸು. ಬಾಯಿಬಿಟ್ಟು ಓದು, ಪಿಜಿಯವರು ಏನಂದುಕೊಂಡರೂ ಸರಿ. ಕಣ್ಣಿಗೆ ಕಾಣದ ಎಡವಟ್ಟು ಕಿವಿಗೆ ಕೇಳಿಸುತ್ತದೆ. ತಪ್ಪಿದರೆ ಸರಿಯುತ್ತರ ಬರೆದುಕೊಂಡು ಸುಮ್ಮನಾಗಬೇಡ, ಯಾವ ‘ಅವರು’ ನಿನ್ನನ್ನು ದಾರಿ ತಪ್ಪಿಸಿದ್ದು ಎಂದು ಪಕ್ಕದಲ್ಲಿ ಬರೆ. ಹದಿನೈದು ದಿನ ಆದ ಮೇಲೆ ಆ ಪಟ್ಟಿ ನೋಡಿದರೆ ನಿನ್ನ ತಪ್ಪುಗಳು ಹದಿಮೂರಲ್ಲ, ಎರಡೋ ಮೂರೋ ಬಗೆಯವು, ಅಷ್ಟೇ ಅಂತ ಗೊತ್ತಾಗುತ್ತದೆ.

ಬಿಡುವಿದ್ದರೆ ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ತೆಗೆದುಕೊಂಡು ಹೋಗು, ಕಪಾಟಿನ ಎರಡನೆಯ ಸಾಲಿನಲ್ಲಿದೆ. ಅದಕ್ಕೆ ಮಾತ್ರ ಕತ್ತರಿ ತಾಗಿಸಬೇಡ, ಕೈಯಲ್ಲಿ ಬರೆದುಕೊಂಡು ಬಿಡಿಸು. ಹರಟೆಯ ಹಾಗೆ ಕಾಣುತ್ತದೆ, ಯಾವ ವಾಕ್ಯ ಎಲ್ಲಿದ್ದರೂ ನಡೆದೀತು ಅನ್ನಿಸುತ್ತದೆ. ಒಂದನ್ನು ಕದಲಿಸಿ ನೋಡು, ಆಮೇಲೆ ಹೇಳು.

ಈ ಭಾನುವಾರ ಹಳದಿ ಮೆಟ್ರೊದಲ್ಲಿ ಬಾ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಬನಶಂಕರಿ, ರಸ್ತೆಯ ಟ್ರಾಫಿಕ್ಕಿನಲ್ಲಿ ಬೇಯುವುದು ತಪ್ಪುತ್ತದೆ. ನಿನ್ನಜ್ಜಿ ಅವರೆಕಾಳು ಹುಳಿ ಮಾಡುತ್ತಾಳಂತೆ. ಹೊಸ ಹಾಳೆಗಳನ್ನು ತಾ. ಉತ್ತರದ ಪುಟವನ್ನು ಮಾತ್ರ ರೂಮಿನಲ್ಲೇ ಬಿಟ್ಟು ಬಾ.