ಒಂದು ಮತದ ಅಂತರ

ಸ್ಕ್ರೂಗೇಜಿನಿಂದ ತಂತಿಯ ದಪ್ಪವನ್ನು ಅಳೆಯಲು ತೊಡಗುವ ವಿದ್ಯಾರ್ಥಿಗೆ ಅಧ್ಯಾಪಕನು ಎರಡು ಮಾತುಗಳನ್ನು ತಪ್ಪದೆ ಹೇಳುತ್ತಾನೆ. ಅಳತೆಯನ್ನು ಹಲವು ಸಲ ಮಾಡಿ ಸರಾಸರಿ ತೆಗೆಯಬೇಕೆಂಬುದು ಒಂದು. ಉಪಕರಣದ ಶೂನ್ಯದೋಷವನ್ನು ಮೊದಲೇ ನೋಡಿಕೊಳ್ಳಬೇಕೆಂಬುದು ಇನ್ನೊಂದು. ಕೈಯ ನಡುಕ, ಕಣ್ಣಿನ ತಪ್ಪು ಮೊದಲಾದವು ಒಮ್ಮೆ ಹೆಚ್ಚಾಗಿಯೂ ಒಮ್ಮೆ ಕಡಿಮೆಯಾಗಿಯೂ ಬರುವುದರಿಂದ ಸರಾಸರಿಯಲ್ಲಿ ಬಹುಮಟ್ಟಿಗೆ ಅಳಿದುಹೋಗುತ್ತವೆ. ಶೂನ್ಯದೋಷವಾದರೋ ನೂರು ಸಲ ಅಳೆದರೂ ಇದ್ದಂತೆಯೇ ಇರುತ್ತದೆ. ಈ ಪಾಠವು ಪ್ರಯೋಗಶಾಲೆಯಿಂದ ಬಹುದೂರದಲ್ಲಿ, ಒಂದು ಚುನಾವಣೆಯಲ್ಲಿ, ಹೇಗೆ ಕಾಣಿಸಿಕೊಂಡಿತೆಂಬುದನ್ನು ನೋಡೋಣ.

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಮಾಂಟ್ರಿಯಲ್ ಮಹಾನಗರದ ಉತ್ತರಕ್ಕೆ ತೆರ್ಬಾನ್ ಎಂಬ ಉಪನಗರವಿದೆ. ಅಲ್ಲಿನ ಬಹುಪಾಲು ಜನರ ಮಾತು ಫ್ರೆಂಚ್. 2025ರ ಏಪ್ರಿಲ್ 28ರಂದು ನಡೆದ ರಾಷ್ಟ್ರೀಯ ಚುನಾವಣೆಯಲ್ಲಿ ಈ ಕ್ಷೇತ್ರದ ಮುಖ್ಯ ಸ್ಪರ್ಧೆ ಇಬ್ಬರು ಮಹಿಳೆಯರ ನಡುವೆ ಇತ್ತು: ಲಿಬರಲ್ ಪಕ್ಷದ ತಾತ್ಯಾನಾ ಓಗುಸ್ತ್ ಮತ್ತು 2021ರಲ್ಲಿ ಇಲ್ಲಿಂದಲೇ ಗೆದ್ದಿದ್ದ, ಬ್ಲಾಕ್ ಕೆಬೆಕ್ವಾ ಪಕ್ಷದ ನತಾಲಿ ಸಿಂಕ್ಲೇರ್-ದೆಗಾನ್ಯೆ. ಆ ಚುನಾವಣೆಯಲ್ಲಿ ಲಿಬರಲ್ ಪಕ್ಷಕ್ಕೆ ಒಟ್ಟು 169 ಸ್ಥಾನಗಳು ದೊರೆತವು. 343 ಸದಸ್ಯರ ಸಭೆಯಲ್ಲಿ ಬಹುಮತಕ್ಕೆ 172 ಬೇಕು. ಒಂದೊಂದು ಸ್ಥಾನಕ್ಕೂ ಎಷ್ಟು ಬೆಲೆಯಿತ್ತೆಂಬುದು ಇದರಿಂದ ತಿಳಿಯುತ್ತದೆ.

ಮತದಾನದ ರಾತ್ರಿ ಲಿಬರಲ್ ಅಭ್ಯರ್ಥಿ ಮುಂದಿದ್ದರು. ಅನಂತರ ಅಧಿಕಾರಿಗಳು ಮತಗಟ್ಟೆಗಳ ಲೆಕ್ಕಪತ್ರಗಳನ್ನು ತಾಳೆ ನೋಡಿದಾಗ ಬ್ಲಾಕ್ ಅಭ್ಯರ್ಥಿ 44 ಮತಗಳಿಂದ ಮುಂದೆ ಬಂದರು. ಅಂತರವು ಸಿಂಧುವಾದ ಮತಗಳ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯಾದರೆ ನ್ಯಾಯಾಧೀಶರ ಎದುರಿನಲ್ಲಿ ಮರುಎಣಿಕೆ ಆಗಲೇಬೇಕೆಂಬುದು ಅಲ್ಲಿನ ಕಾನೂನು. ಚಲಾವಣೆಯಾದ ಮತಗಳು ಸುಮಾರು 60,000. ಆದ್ದರಿಂದ ಮಿತಿ ಸುಮಾರು 60. ಮರುಎಣಿಕೆ ನಡೆದು ಮೇ 10ರಂದು ಮುಗಿಯಿತು. ಓಗುಸ್ತ್ ಅವರಿಗೆ 23,352, ಸಿಂಕ್ಲೇರ್-ದೆಗಾನ್ಯೆ ಅವರಿಗೆ 23,351!

ಇಲ್ಲಿ ಸ್ವಲ್ಪ ಗಣಿತ ಮಾಡಬಹುದು. ಒಬ್ಬರ ಕಟ್ಟಿನಲ್ಲಿ ತಪ್ಪಿ ಸೇರಿದ್ದ ಮತಪತ್ರವನ್ನು ಇನ್ನೊಬ್ಬರ ಕಟ್ಟಿಗೆ ಹಾಕಿದರೆ ಅಂತರವು 2ರಷ್ಟು ಬದಲಾಗುತ್ತದೆ. ತಿರಸ್ಕೃತವಾಗಿದ್ದ ಪತ್ರವನ್ನು ಒಬ್ಬರಿಗೆ ಸೇರಿಸಿದರೆ 1ರಷ್ಟು ಮಾತ್ರ. ಅಂತರವು 44ರಿಂದ ಸೊನ್ನೆಗಿಳಿದು ಆಚೆ ಬದಿಗೆ 1 ಆಯಿತೆಂದರೆ ಒಟ್ಟು ಬದಲಾವಣೆ 45. ಇದು ಬೆಸಸಂಖ್ಯೆ. ಆದ್ದರಿಂದ ತಿದ್ದುಪಡಿಗಳೆಲ್ಲವೂ ಮೊದಲನೆಯ ಬಗೆಯವಾಗಿರಲು ಸಾಧ್ಯವೇ ಇಲ್ಲ. 60,000ದಲ್ಲಿ 45 ಎಂದರೆ ನೂರಕ್ಕೆ 0.075. ಕೈಯಿಂದ ಎಣಿಸುವ ಕೆಲಸದಲ್ಲಿ ಇದನ್ನು ಅಜಾಗರೂಕತೆಯೆನ್ನಲು ನನಗೆ ಮನಸ್ಸಿಲ್ಲ. ನಮ್ಮ ವಿದ್ಯಾರ್ಥಿಗಳ ಅಳತೆ ಇಷ್ಟು ನಿಖರವಾಗಿ ಬಂದರೆ ಯಾವ ಅಧ್ಯಾಪಕನೂ ಹಿಗ್ಗಿಯಾನು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಂಚೆಯ ಮೂಲಕ ಮತ ಹಾಕಿದ್ದ ಮಹಿಳೆಯೊಬ್ಬರ ಲಕೋಟೆ ಅವರ ಮನೆಗೇ ಹಿಂದಿರುಗಿ ಬಂದಿತ್ತು. ಲಕೋಟೆಯ ಮೇಲೆ ಚುನಾವಣಾ ಕಚೇರಿಯ ವಿಳಾಸವನ್ನು ಬರೆದವರು ಮತದಾರರಲ್ಲ, ಚುನಾವಣಾ ಸಂಸ್ಥೆಯವರೇ. ಅದರಲ್ಲಿನ ಅಂಚೆ ಸಂಕೇತ ತಪ್ಪಾಗಿತ್ತು. ತಾನು ಬ್ಲಾಕ್ ಪಕ್ಷಕ್ಕೆ ಮತವಿತ್ತಿದ್ದೆನೆಂದು ಆಕೆ ತಿಳಿಸಿದರು. ಆ ಮತ ಸೇರಿದ್ದರೆ ಇಬ್ಬರಿಗೂ 23,352 ಆಗುತ್ತಿತ್ತು. ಸಮ ಬಂದರೆ ಚೀಟಿ ಎತ್ತುವ ಪದ್ಧತಿ ಕೆನಡಾದ ರಾಷ್ಟ್ರೀಯ ಚುನಾವಣೆಗಳಲ್ಲಿಲ್ಲ. ಮತ್ತೆ ಚುನಾವಣೆಯೇ ನಡೆಯಬೇಕು.

ನಮ್ಮ ಶೂನ್ಯದೋಷವನ್ನು ಈಗ ನೆನೆಯಿರಿ. ಪೆಟ್ಟಿಗೆಗೆ ಬಾರದ ಮತವನ್ನು ಎಷ್ಟು ಸಲ ಎಣಿಸಿದರೂ ಹಿಡಿಯಲಾಗದು. ಹೋಲಿಕೆ ಪೂರ್ಣವಲ್ಲವೆಂಬುದನ್ನೂ ಒಪ್ಪಬೇಕು: ಶೂನ್ಯದೋಷವನ್ನು ಅಳೆದು ತಿಳಿದು ಉತ್ತರದಿಂದ ಕಳೆಯಬಹುದು. ಇಲ್ಲಿ ಹಾಗೆ ಮಾಡುವಂತಿಲ್ಲ. ಮತವು ರಹಸ್ಯವಾಗಿರಬೇಕಾದುದರಿಂದಲೂ ಮತದಾನದ ಗಡುವು ಮುಗಿದಿದ್ದುದರಿಂದಲೂ ಆ ಲಕೋಟೆಯನ್ನು ತೆರೆದು ಲೆಕ್ಕಕ್ಕೆ ಸೇರಿಸುವ ಹಾದಿ ಇರಲಿಲ್ಲ.

ಬ್ಲಾಕ್ ಅಭ್ಯರ್ಥಿ ನ್ಯಾಯಾಲಯದ ಮೊರೆಹೊಕ್ಕರು. ಕ್ವಿಬೆಕ್ ಪ್ರಾಂತದ ಉನ್ನತ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ ಫಲಿತಾಂಶವನ್ನು ಎತ್ತಿಹಿಡಿಯಿತು. 2026ರ ಫೆಬ್ರವರಿಯಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಅದನ್ನು ಬದಿಗೊತ್ತಿ ತೆರ್ಬಾನಿನ ಚುನಾವಣೆಯನ್ನೇ ರದ್ದುಗೊಳಿಸಿತು. ಲೆಕ್ಕವನ್ನು ತಿದ್ದಲಾಗದೆ, ಪ್ರಯೋಗವನ್ನೇ ಮೊದಲಿನಿಂದ ಮಾಡಬೇಕಾಯಿತು.