ಗಿಳಿ ತರುವ ಮುನ್ನ

ಮಕ್ಕಳು ಗಿಳಿ ಬೇಕೆಂದು ಹಟ ಹಿಡಿದಿದ್ದಾರೆಯೇ? ಕೊರಳಲ್ಲಿ ಕೆಂಪು ಪಟ್ಟಿಯ ನಮ್ಮ ಹಸಿರು ಗಿಳಿಯ ಆಸೆಯನ್ನಂತೂ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದು ಅಪರಾಧ. ಸಂತೆಯಲ್ಲಿ ಯಾರೋ ಮಾರಿದರು ಎಂಬ ನೆಪ ನಡೆಯದು. ಆಫ್ರಿಕನ್ ಗ್ರೇ ತರಹದ ವಿದೇಶಿ ಗಿಳಿಗೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಹೆಚ್ಚಿನವರು ಕೊನೆಗೆ ತರುವುದು ಕಾಕಟೀಲ್, ಇಲ್ಲವೇ ಅಂಗಡಿಯವರು ಲವ್ ಬರ್ಡ್ಸ್ ಎಂದು ದಾಟಿಸುವ ಬಡ್ಜಿ.

ಕಾನೂನಿಗಿಂತ ದೊಡ್ಡ ಪ್ರಶ್ನೆ ನಿಮ್ಮ ದಿನಚರಿ. ಗಂಡ ಹೆಂಡತಿ ಬೆಳಿಗ್ಗೆಯೇ ಆಫೀಸಿಗೆ ಹೊರಟು, ಮಕ್ಕಳು ಟ್ಯೂಷನ್ ಮುಗಿಸಿ ಕತ್ತಲಾದ ಮೇಲೆ ಬರುವ ಮನೆಯಲ್ಲಿ ಹಕ್ಕಿ ಯಾರೊಂದಿಗೆ ಮಾತಾಡಬೇಕು? ಗುಂಪಿನಲ್ಲಿ ಬಾಳುವ ಜೀವ ಅದು. ಒಂಟಿಯಾಗಿ ಬೇಸತ್ತರೆ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಳ್ಳುತ್ತದೆ, ಬರೀ ಚರ್ಮ ಕಾಣುವವರೆಗೂ. ನೀವು ಬಂದು ಟಿವಿ ಹಾಕುವ ಹೊತ್ತಿಗೆ ಅದಕ್ಕೆ ನಿದ್ದೆ ಬೇಕು, 10–12 ಗಂಟೆ. ಗಡಿಬಿಡಿಯಲ್ಲಿ ಒಲೆಯ ಮೇಲೆ ಮರೆತ ನಾನ್‌ಸ್ಟಿಕ್ ತವಾದ ಹೊಗೆಯೊಂದೇ ಅದರ ಪ್ರಾಣ ತೆಗೆಯಬಲ್ಲದು.

ಕಾಕಟೀಲ್ 15 ವರ್ಷಕ್ಕೂ ಹೆಚ್ಚು ಬದುಕಬಹುದು. ಹಟ ಮಾಡಿದ ಮಗಳು ಅಷ್ಟರಲ್ಲಿ ಕೆಲಸ ಹಿಡಿದು ಬೇರೆ ಊರಲ್ಲಿರುತ್ತಾಳೆ! ಹಗಲಿಡೀ ಮನೆಯಲ್ಲಿರುವ ಅಜ್ಜಿಗೋ ತಾತನಿಗೋ ಹಕ್ಕಿಯ ಗಲಾಟೆ ಇಷ್ಟವಿದ್ದರೆ ಯೋಚಿಸಿ. ಕೇಳದೆ ಅವರ ತಲೆಗೆ ಕಟ್ಟಬೇಡಿ.